ಉದ್ಯೋಗ ಮಸೂದೆ ಗಲಾಟೆ: ಕಂಪನಿ ಮುಖ್ಯಸ್ಥರು ಆಡಿದ ಮಾತು, ಆಡದ ಮಾತು

2024ರ ಜುಲೈ 15ರಂದು ರಾಜ್ಯ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪನಿಗಳ ಆಡಳಿತ ಮಟ್ಟದ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಸಿಗಬೇಕು ಅನ್ನುವುದು ಅದರ ಸಾರ. ಜುಲೈ 17ರ ಸಂಜೆ ಸರ್ಕಾರವೇ ಅದನ್ನು ತಡೆಹಿಡಿಯಿತು. ಮಸೂದೆ ವಿಧಾನಸಭೆಯವರೆಗೂ ಹೋಗಲಿಲ್ಲ. ಈ ಎರಡು ದಿನಗಳಲ್ಲಿ ಬೆಂಗಳೂರಿನ ದೊಡ್ಡ ಉದ್ಯಮಿಗಳು ಎಕ್ಸ್‌ನಲ್ಲಿ ಏನು ಬರೆದರು, ಯಾರಿಗಾಗಿ ಬರೆದರು, ಅದರಿಂದ ಏನಾಯಿತು ಅನ್ನುವುದನ್ನು ಈಗ ನಿಧಾನವಾಗಿ ನೋಡಬಹುದು. ಆಗ ಬಿಸಿ ಜಾಸ್ತಿ ಇತ್ತು.

ಮೊದಲು ಮಸೂದೆಯಲ್ಲಿ ಇದ್ದದ್ದೇನು ಅಂತ ನೋಡೋಣ. ಸ್ಥಳೀಯರು ಅಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷದಿಂದ ಇಲ್ಲೇ ನೆಲೆಸಿ, ಕನ್ನಡ ಓದಲು, ಬರೆಯಲು, ಮಾತಾಡಲು ಬರುವವರು. ಪ್ರೌಢಶಾಲೆಯಲ್ಲಿ ಕನ್ನಡ ಓದಿರದಿದ್ದರೆ ಒಂದು ಪರೀಕ್ಷೆ ಪಾಸು ಮಾಡಬೇಕು. ಸ್ಥಳೀಯರು ಸಿಗದಿದ್ದರೆ ಮೂರು ವರ್ಷದೊಳಗೆ ತರಬೇತಿ ಕೊಟ್ಟು ತಯಾರು ಮಾಡಬೇಕು, ಇಲ್ಲವೇ ವಿನಾಯಿತಿ ಕೇಳಬಹುದು. ನಿಯಮ ಮುರಿದರೆ ದಂಡ 10,000ದಿಂದ 25,000 ರೂಪಾಯಿ. ಆದರೆ ಜನರಿಗೆ ಮೊದಲು ಮುಟ್ಟಿದ ಸುದ್ದಿ ಇದಲ್ಲ. ಸಿ ಮತ್ತು ಡಿ ದರ್ಜೆಯ ಹುದ್ದೆಗಳಲ್ಲಿ ಶೇ 100 ಕನ್ನಡಿಗರಿಗೆ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಖಾತೆಯಲ್ಲಿ ಒಂದು ಪೋಸ್ಟ್ ಬಂತು. ಆಮೇಲೆ ಅದು ಡಿಲೀಟ್ ಆಯಿತು. ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರು 50 ಮತ್ತು 70ರ ಲೆಕ್ಕ ಬಿಡಿಸಿ ಹೇಳಬೇಕಾಯಿತು. ಉದ್ಯಮಿಗಳ ಕಡೆ ಬೆರಳು ತೋರಿಸುವ ಮೊದಲು ಇದನ್ನು ಒಪ್ಪಿಕೊಳ್ಳಲೇಬೇಕು. ಸರ್ಕಾರ ಹೇಳಬೇಕಾದ್ದನ್ನು ಸರಿಯಾಗಿ ಹೇಳಲಿಲ್ಲ. ಗೊಂದಲ ಶುರುವಾದದ್ದು ಅಲ್ಲಿಂದಲೇ.

ಅದರ ಬೆನ್ನಿಗೇ ಪ್ರತಿಕ್ರಿಯೆಗಳು ಬಂದವು. ಬಯೋಕಾನ್‌ನ ಕಿರಣ್ ಮಜುಂದಾರ್ ಶಾ ಅವರದು ಮೆಲುದನಿ. ಸ್ಥಳೀಯರಿಗೆ ಕೆಲಸ ಕೊಡುವ ಉದ್ದೇಶ ಇರಲಿ, ಆದರೆ ತಂತ್ರಜ್ಞಾನದಲ್ಲಿ ನಮಗಿರುವ ಮುನ್ನಡೆಗೆ ಪೆಟ್ಟು ಬೀಳಬಾರದು, ಹೆಚ್ಚು ಕೌಶಲ ಬೇಡುವ ನೇಮಕಾತಿಗೆ ವಿನಾಯಿತಿ ಇರಬೇಕು ಅಂದರು. ಇನ್ಫೊಸಿಸ್‌ನಲ್ಲಿ ಹಿಂದೆ ಹಣಕಾಸು ಮುಖ್ಯಸ್ಥರಾಗಿದ್ದ ಮೋಹನದಾಸ್ ಪೈ ಅವರು ಮಸೂದೆಯನ್ನು ಕಸದಬುಟ್ಟಿಗೆ ಹಾಕಬೇಕು ಅಂದರು. ಅದು ತಾರತಮ್ಯದ್ದು, ಸಂವಿಧಾನಕ್ಕೆ ವಿರುದ್ಧವಾದದ್ದು, ಫ್ಯಾಸಿಸ್ಟ್ ಮಸೂದೆ ಅಂತ ಕರೆದರು. ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ ತೀವ್ರ ಕಳವಳದ ಹೇಳಿಕೆ ಹೊರಡಿಸಿತು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ತಂತ್ರಜ್ಞಾನ ವಲಯದ ಪಾಲು ಶೇ 25, ಇಲ್ಲಿ 11,000ಕ್ಕೂ ಹೆಚ್ಚು ಸ್ಟಾರ್ಟಪ್‌ಗಳಿವೆ ಅಂತ ಲೆಕ್ಕ ಕೊಟ್ಟಿತು. ಹೀಗಾದರೆ ಕಂಪನಿಗಳು ಬೇರೆ ಕಡೆ ಹೋಗಬೇಕಾಗಬಹುದು ಎಂದೂ ಹೇಳಿತು.

ಇವೆಲ್ಲಕ್ಕಿಂತ ಜಾಸ್ತಿ ಸದ್ದು ಮಾಡಿದ್ದು ಫೋನ್‌ಪೇ ಸಿಇಒ ಸಮೀರ್ ನಿಗಮ್ ಅವರ ಪೋಸ್ಟ್. ನನಗೆ 46 ವರ್ಷ, ಯಾವ ರಾಜ್ಯದಲ್ಲೂ 15 ವರ್ಷ ಇದ್ದವನಲ್ಲ, ಅಪ್ಪ ನೌಕಾಪಡೆಯಲ್ಲಿದ್ದರು, ದೇಶದ ತುಂಬ ವರ್ಗಾವಣೆ ಆಗುತ್ತಿತ್ತು ಅಂತ ಬರೆದರು. ನಾನು ದೇಶದಲ್ಲಿ 25,000ಕ್ಕೂ ಹೆಚ್ಚು ಉದ್ಯೋಗ ಸೃಷ್ಟಿಸಿದ್ದೇನೆ, ನನ್ನ ಮಕ್ಕಳಿಗೆ ಅವರ ಊರಿನಲ್ಲೇ ಕೆಲಸಕ್ಕೆ ಅರ್ಹತೆ ಇಲ್ಲವೇ ಅಂತ ಕೇಳಿದರು. ಕೊನೆಗೆ ನಾಚಿಕೆಗೇಡು ಅನ್ನುವ ಅರ್ಥದ ಒಂದೇ ಪದ. ಕೂಡಲೇ ಫೋನ್‌ಪೇ ಬಹಿಷ್ಕಾರದ ಹ್ಯಾಶ್‌ಟ್ಯಾಗ್ ಓಡಿತು. ಜನ ಆ್ಯಪ್ ತೆಗೆದುಹಾಕಿದ ಸ್ಕ್ರೀನ್‌ಶಾಟ್ ಹಾಕತೊಡಗಿದರು. ಕೆಲವೇ ದಿನಗಳಲ್ಲಿ ನಿಗಮ್ ಅವರು ಬೇಷರತ್ ಕ್ಷಮೆ ಕೇಳಿದರು. ಫೋನ್‌ಪೇ ಹುಟ್ಟಿದ್ದೇ ಬೆಂಗಳೂರಿನಲ್ಲಿ, ಕರ್ನಾಟಕವನ್ನಾಗಲಿ ಇಲ್ಲಿನ ಜನರನ್ನಾಗಲಿ ಅವಮಾನಿಸುವ ಉದ್ದೇಶ ಎಂದೂ ಇರಲಿಲ್ಲ, ಕನ್ನಡದ ಮೇಲೆ ಅಪಾರ ಗೌರವ ಇದೆ ಅಂದರು.

ಮೂಲ ಪೋಸ್ಟ್‌ನಲ್ಲಿ ಇದ್ದ ವಾದ ಸುಳ್ಳಲ್ಲ. ಸೈನಿಕರ ಮಕ್ಕಳು, ಬ್ಯಾಂಕ್ ನೌಕರರ ಮಕ್ಕಳು ಊರೂರು ಸುತ್ತಿ ಬೆಳೆಯುತ್ತಾರೆ. 15 ವರ್ಷದ ನಿಯಮ ಅವರಿಗೆ ಕಷ್ಟ ತರುತ್ತಿತ್ತು. ಕೊಡಗಿನಿಂದ ಸೇನೆಗೆ ಹೋದವರ ಮಕ್ಕಳಿಗೂ ಇದೇ ಪಾಡು. ಹೊರಗೆ ಹುಟ್ಟಿದ ಮಗುವಾದರೆ ಇಲ್ಲೇ ಹುಟ್ಟಿರಬೇಕು ಅನ್ನುವ ನಿಯಮವೂ ಅಡ್ಡ ಬರುತ್ತಿತ್ತು. ಹಾಗೆ ಹೇಳಿದ್ದರೆ ಕನ್ನಡಿಗರಲ್ಲೇ ಅನೇಕರು ಹೌದಪ್ಪ ಅನ್ನುತ್ತಿದ್ದರು. ಆದರೆ ಪೋಸ್ಟ್‌ನಲ್ಲಿ ಆ ಕನ್ನಡಿಗ ಮಕ್ಕಳು ಇರಲಿಲ್ಲ. ಇದ್ದದ್ದು ನಾನು, ನನ್ನ ಅಪ್ಪ, ನನ್ನ ಮಕ್ಕಳು, ನಾನು ಕೊಟ್ಟ ಕೆಲಸ. ಓದಿದವರಿಗೆ ಕೇಳಿಸಿದ್ದು ಕೊನೆಯದು ಮಾತ್ರ. ಕೆಲಸ ಕೊಟ್ಟಿದ್ದೇನೆ, ಹಾಗಾಗಿ ನೀವು ಕೇಳಬಾರದು ಅನ್ನುವ ದನಿ. ಅದೂ ಯಾರಿಗೆ? ತರಕಾರಿ ಗಾಡಿಯಿಂದ ದರ್ಶಿನಿ ಹೋಟೆಲಿನವರೆಗೆ ದಿನಾ ಆ ಕಂಪನಿಯ ಕ್ಯೂಆರ್ ಕೋಡ್ ಇಟ್ಟುಕೊಂಡು ವ್ಯಾಪಾರ ಮಾಡುವವರಿಗೆ. ಹಣ ಬಂತು ಅಂತ ಹೇಳುವ ಆ ಕಂಪನಿಯ ಪೆಟ್ಟಿಗೆಯಲ್ಲಿ ಕನ್ನಡದ ಜನಪ್ರಿಯ ನಟ ಸುದೀಪ್ ಅವರ ದನಿಯನ್ನೇ ಹಾಕಿಸಿದ್ದರು. ಮಾರುಕಟ್ಟೆಗೆ ಬಂದಾಗ ಕನ್ನಡದಲ್ಲಿ ಮಾತಾಡಲು ಗೊತ್ತಿದ್ದ ಕಂಪನಿ, ಗಲಾಟೆ ಬಂದಾಗ ಆ ಜನ ಎದುರಿಗೇ ನಿಂತಿದ್ದಾರೆ ಅನ್ನುವುದನ್ನು ಮರೆಯಿತು.

ಕ್ಷಮೆಯ ಪತ್ರದಲ್ಲಿ ಆ ತಪ್ಪು ತಿದ್ದಿತ್ತೇ? ಅರ್ಧ ತಿದ್ದಿತ್ತು ಅಂತ ನನ್ನ ಅನಿಸಿಕೆ. ಬೇಷರತ್ ಕ್ಷಮೆ ಅಂದದ್ದು ಒಳ್ಳೆಯದಾಯಿತು. ಆದರೆ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಅನ್ನುವ ಮಾತೂ ಅದರಲ್ಲಿತ್ತು. ಈ ಆಗಿದ್ದರೆ ಅನ್ನುವುದು ಕಂಪನಿ ಕ್ಷಮೆಗಳಲ್ಲಿ ಎಲ್ಲೆಡೆ ಬರುತ್ತದೆ. ನೋವಾಗಿದೆ ಅಂತ ಸಾವಿರಾರು ಜನ ಹೇಳಿ ಆದಮೇಲೂ ಯಾಕೆ ಬೇಕು ಅದು? ವಕೀಲರು ಓದಿ ಒಪ್ಪಿದ ಸಾಲಿನಂತೆ ಕೇಳುತ್ತದೆ. ಇನ್ನೊಂದು ಸಂಗತಿ. ನಿಗಮ್ ಅವರು ಅದನ್ನು ತಮ್ಮ ವೈಯಕ್ತಿಕ ಅಭಿಪ್ರಾಯ ಅಂದರು. ಆದರೆ ಕಂಪನಿಯ ಸ್ಥಾಪಕನಿಗೆ ವೈಯಕ್ತಿಕ ಖಾತೆ ಅನ್ನುವುದು ಹೆಸರಿಗಷ್ಟೇ. ಜನ ತೆಗೆದುಹಾಕಿದ್ದು ನಿಗಮ್ ಅವರನ್ನಲ್ಲ, ಫೋನ್‌ಪೇಯನ್ನು.

ಪೈ ಅವರ ಮಾತು ಇನ್ನೂ ಖಾರವಾಗಿತ್ತಲ್ಲ, ಅವರಿಗೆ ಯಾಕೆ ಇಷ್ಟು ಬಿಸಿ ತಟ್ಟಲಿಲ್ಲ? ಅವರು ಹಾಗೆ ಮಾತಾಡುವವರು ಅಂತ ಜನಕ್ಕೆ ಮೊದಲೇ ಗೊತ್ತು. ಅದಕ್ಕಿಂತ ಮುಖ್ಯ, ಜನರ ಫೋನಿನಲ್ಲಿ ಅವರ ಆ್ಯಪ್ ಇಲ್ಲ. ಸಿಟ್ಟು ತೀರಿಸಿಕೊಳ್ಳಲು ಒಂದು ಬಟನ್ ಬೇಕು. ಗ್ರಾಹಕರಿಗೆ ನೇರವಾಗಿ ಮಾರುವ ಕಂಪನಿಗೂ ಇತರ ಕಂಪನಿಗಳಿಗೆ ಸೇವೆ ಮಾರುವ ಕಂಪನಿಗೂ ಇರುವ ವ್ಯತ್ಯಾಸ ಇದು. ದೊಡ್ಡ ಐಟಿ ಕಂಪನಿಗಳ ಗ್ರಾಹಕರು ನ್ಯೂಯಾರ್ಕ್‌ನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಇರುತ್ತಾರೆ. ಬೆಂಗಳೂರಿನ ಬೀದಿಯ ಸಿಟ್ಟು ಅವರ ಬಿಲ್ಲಿಗೆ ತಟ್ಟುವುದಿಲ್ಲ. ಅದಕ್ಕೇ ಅವರು ಒಕ್ಕೂಟದ ಹೆಸರಿನಲ್ಲಿ ಒಂದು ಹೇಳಿಕೆ ಕೊಡಿಸಿ ಸುಮ್ಮನಾಗಬಹುದು. ನಾಸ್ಕಾಂ, ಸಿಐಐ, ಎಫ್‌ಕೆಸಿಸಿಐ ಮುಂತಾದ ಸಂಘಗಳು ಇರುವುದು ಭಾಗಶಃ ಈ ಕೆಲಸಕ್ಕೇ. ಯಾರ ಹೆಸರೂ ಮುಂದೆ ಬರುವುದಿಲ್ಲ, ಮಾತು ಮಾತ್ರ ಸರ್ಕಾರಕ್ಕೆ ಮುಟ್ಟುತ್ತದೆ.

ಇನ್ನು ಬಿಟ್ಟು ಹೋಗುತ್ತೇವೆ ಅನ್ನುವ ಮಾತಿಗೆ ಬರೋಣ. ನಾಸ್ಕಾಂ ಹೇಳಿಕೆ ಬಂದದ್ದೇ ತಡ, ಆಂಧ್ರದ ಸಚಿವ ನಾರಾ ಲೋಕೇಶ್ ಅವರು ನಿಮ್ಮ ಬೇಸರ ಅರ್ಥವಾಗುತ್ತದೆ, ವಿಶಾಖಪಟ್ಟಣಕ್ಕೆ ಬನ್ನಿ ಅಂತ ಕರೆದರು. 2025ರ ಸೆಪ್ಟೆಂಬರ್‌ನಲ್ಲೂ ಇದೇ ಆಯಿತು. ಲಾರಿ ಸಾಗಣೆ ಸೇವೆಯ ಬ್ಲ್ಯಾಕ್‌ಬಕ್ ಕಂಪನಿಯ ರಾಜೇಶ್ ಯಾಬಾಜಿ ಅವರು ಬೆಳ್ಳಂದೂರಿನ ಹೊರವರ್ತುಲ ರಸ್ತೆಯಲ್ಲಿ ಒಂಬತ್ತು ವರ್ಷ ಇದ್ದೆವು, ಇನ್ನು ಆಗುವುದಿಲ್ಲ ಅಂತ ಬರೆದರು. ಸಹೋದ್ಯೋಗಿಗಳಿಗೆ ಒಂದು ಕಡೆಯ ಪ್ರಯಾಣಕ್ಕೇ ಒಂದೂವರೆ ಗಂಟೆ ಹಿಡಿಯುತ್ತಿದೆ, ರಸ್ತೆ ತುಂಬ ಗುಂಡಿ, ಧೂಳು, ಮುಂದಿನ ಐದು ವರ್ಷದಲ್ಲಿ ಸರಿಹೋಗುವ ಲಕ್ಷಣ ಇಲ್ಲ ಅಂದರು. ಆ ರಸ್ತೆಯಲ್ಲಿ ಓಡಾಡುವ ಯಾರಿಗೂ ಇದು ಅತಿಶಯ ಅನ್ನಿಸುವುದಿಲ್ಲ. ಮತ್ತೆ ಲೋಕೇಶ್ ಅವರಿಂದ ಆಹ್ವಾನ ಬಂತು. ಸರ್ಕಾರವನ್ನು ಹೆದರಿಸಲು, ಬ್ಲ್ಯಾಕ್‌ಮೇಲ್ ಮಾಡಲು ಆಗುವುದಿಲ್ಲ ಅಂತ ಡಿ.ಕೆ. ಶಿವಕುಮಾರ್ ಅವರು ಉತ್ತರ ಕೊಟ್ಟರು. ನಾವು ಬೆಂಗಳೂರು ಬಿಡುತ್ತಿಲ್ಲ, ಇದೇ ಊರಿನಲ್ಲಿ ಬೇರೆ ಜಾಗಕ್ಕೆ ಹೋಗುತ್ತಿದ್ದೇವೆ ಅಂತ ಯಾಬಾಜಿ ಅವರು ಆಮೇಲೆ ಸ್ಪಷ್ಟಪಡಿಸಿದರು. ಅಷ್ಟು ಹೊತ್ತಿಗೆ ಚರ್ಚೆ ರಸ್ತೆ ಬಿಟ್ಟು ಎಲ್ಲೋ ಹೋಗಿತ್ತು. ಹೈದರಾಬಾದ್ ಮೇಲೋ ಬೆಂಗಳೂರು ಮೇಲೋ, ಬಿಜೆಪಿ ಕಾಲದಲ್ಲಿ ಏನಿತ್ತು, ಕಾಂಗ್ರೆಸ್ ಕಾಲದಲ್ಲಿ ಏನಾಯಿತು ಅನ್ನುವ ಹಳೇ ಜಗಳ ಮುಂದೆ ಬಂತು. ಗುಂಡಿ ಹಿಂದೆ ಸರಿಯಿತು.

ಹೋಗುತ್ತೇವೆ ಅನ್ನುವ ಮಾತಿಗೆ ಸರ್ಕಾರದ ಮೇಲೆ ಪರಿಣಾಮ ಇದೆ. ಇಲ್ಲ ಅನ್ನಲಾಗದು. ಮಸೂದೆ ನಿಂತದ್ದರಲ್ಲೂ ಅದರ ಪಾಲಿದೆ. ಆದರೆ ಅದೇ ಮಾತು ಊರಿನವರ ಕಿವಿಗೆ ಬೇರೆ ಥರ ಬೀಳುತ್ತದೆ. ಇವರಿಗೆ ಇಲ್ಲಿ ಬೇರಿಲ್ಲ, ಜಮೀನು ಅಗ್ಗ ಸಿಕ್ಕಾಗ ಬಂದರು, ಇನ್ನೊಂದು ಕಡೆ ಅಗ್ಗ ಸಿಕ್ಕರೆ ಹೊರಡುತ್ತಾರೆ ಅಂತ ಅನ್ನಿಸುತ್ತದೆ. ಸರ್ಕಾರದ ಎದುರು ಗೆದ್ದ ಮಾತು ಜನರ ಎದುರು ಸೋಲುತ್ತದೆ. ಮುಂದಿನ ಸಲ ಮಸೂದೆ ಬಂದಾಗ ಬೀದಿಯಲ್ಲಿ ನಿಲ್ಲುವವರು ಈ ಜನರೇ.

ಆ ಜನರ ಬೇಡಿಕೆ 2024ರಲ್ಲಿ ಹುಟ್ಟಿದ್ದೂ ಅಲ್ಲ. ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲೇ 58 ಶಿಫಾರಸುಗಳ ವರದಿ ಕೊಟ್ಟಿತ್ತು. ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಅನ್ನುವುದು ಅಂದಿನಿಂದ ಪ್ರತಿ ಸರ್ಕಾರದ ಬಾಗಿಲು ತಟ್ಟುತ್ತಲೇ ಇದೆ. ರಾಜ್ಯದ 2020-25ರ ಕೈಗಾರಿಕಾ ನೀತಿಯಲ್ಲೂ ಇದು ಇತ್ತು. ಸರ್ಕಾರದಿಂದ ರಿಯಾಯಿತಿ ಪಡೆಯುವ ಉದ್ಯಮಗಳು ಒಟ್ಟಾರೆ ಶೇ 70 ಕೆಲಸ, ಡಿ ದರ್ಜೆಯಲ್ಲಿ ಶೇ 100 ಕನ್ನಡಿಗರಿಗೆ ಕೊಡಬೇಕು ಅನ್ನುವ ಷರತ್ತು ಅದು. ಅಂದರೆ 2024ರ ಮಸೂದೆ ಆಕಾಶದಿಂದ ಬಿದ್ದದ್ದಲ್ಲ. ಅದು ಕೆಟ್ಟದಾಗಿ ಬರೆದ ಮಸೂದೆ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಇದೇ ಮಾದರಿಯ ಹರಿಯಾಣದ ಕಾನೂನನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿತ್ತು. ಇಲ್ಲಿಯೂ ಅದೇ ಗತಿ ಆಗುವ ಸಾಧ್ಯತೆ ದೊಡ್ಡದಿತ್ತು. ಮಸೂದೆ ಕೆಟ್ಟದ್ದು ಅನ್ನುವುದು ಬೇರೆ, ಅದರ ಹಿಂದಿನ ದೂರು ಸುಳ್ಳು ಅನ್ನುವುದು ಬೇರೆ. ಆ ವಾರದ ಬಹಳಷ್ಟು ಮಾತುಗಳಲ್ಲಿ ಇವೆರಡೂ ಒಂದೇ ಆಗಿಬಿಟ್ಟವು.

ದೂರು ಏನು? ನಮ್ಮ ಊರಿನಲ್ಲಿ ಇಷ್ಟು ಕಂಪನಿ ಇವೆ, ಅದರಲ್ಲಿ ನಮ್ಮವರು ಎಷ್ಟು ಜನ? ಬಹಳ ಸರಳ ಪ್ರಶ್ನೆ, ಅಲ್ವಾ? ಇದಕ್ಕೆ ಉತ್ತರ ಒಂದು ಅಂಕಿ. ನಾಸ್ಕಾಂ ಹೇಳಿಕೆಯಲ್ಲಿ ಶೇ 25 ಇತ್ತು, 11,000 ಇತ್ತು, ಜಾಗತಿಕ ಕಂಪನಿಗಳ ಕೇಂದ್ರಗಳ ಲೆಕ್ಕ ಇತ್ತು. ಈ ಅಂಕಿ ಇರಲಿಲ್ಲ. ನಿಗಮ್ ಅವರ ಪೋಸ್ಟ್‌ನಲ್ಲಿ 25,000 ಇತ್ತು, ಅದರಲ್ಲಿ ಕರ್ನಾಟಕದವರು ಎಷ್ಟು ಅಂತ ಇರಲಿಲ್ಲ. ಕಂಪನಿಗಳಿಗೆ ತಮ್ಮ ನೌಕರರ ಊರು, ಶಾಲೆ, ಕಾಲೇಜು ಎಲ್ಲವೂ ಗೊತ್ತಿರುತ್ತದೆ. ಸೇರುವಾಗಲೇ ಅಂಕಪಟ್ಟಿ ಕೊಟ್ಟಿರುತ್ತಾರೆ. ಒಂದು ಸಂಜೆಯಲ್ಲಿ ತೆಗೆಯಬಹುದಾದ ಲೆಕ್ಕ ಅದು. ನಮ್ಮಲ್ಲಿ ಅರ್ಧಕ್ಕರ್ಧ ಜನ ಇಲ್ಲಿನವರೇ ಅಂತ ಯಾರಾದರೂ ತೋರಿಸಿದ್ದರೆ ಮಸೂದೆಯ ಅಗತ್ಯವೇ ಪ್ರಶ್ನೆಗೆ ಬರುತ್ತಿತ್ತು. ಕಡಿಮೆ ಇದ್ದರೆ ಯಾಕೆ ಕಡಿಮೆ, ಏನು ಮಾಡುತ್ತೇವೆ ಅಂತ ಹೇಳಬಹುದಿತ್ತು. ಅದರ ಬದಲು ಪ್ರತಿಭೆ, ಪ್ರತಿಭೆ ಅನ್ನುವ ಮಾತು ಮತ್ತೆ ಮತ್ತೆ ಬಂತು. ಇಲ್ಲಿ ಸಾಕಷ್ಟು ಪ್ರತಿಭೆ ಸಿಗುವುದಿಲ್ಲ ಅಂತ ಕೇಳಿಸಿಕೊಂಡ ಹುಬ್ಬಳ್ಳಿಯ, ಕಲಬುರಗಿಯ, ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಹೇಗನಿಸಿರಬೇಡ? ಅದೇ ಕಂಪನಿಗಳಲ್ಲಿ ಆಗಲೇ ಕೆಲಸ ಮಾಡುತ್ತಿದ್ದ ಸಾವಿರಾರು ಕನ್ನಡಿಗರಿಗೆ ಹೇಗನಿಸಿರಬೇಡ? ಮುಖ್ಯಸ್ಥ ಬರೆದ ಪೋಸ್ಟ್ ಅವರ ಕ್ಯಾಂಟೀನ್ ಟೇಬಲಿಗೂ ಬಂದಿರುತ್ತದೆ. ಪಕ್ಕದ ರಾಜ್ಯದ ಸಹೋದ್ಯೋಗಿಯ ಜೊತೆ ಊಟ ಮಾಡುತ್ತಾ ಅದರ ಬಗ್ಗೆ ಏನು ಹೇಳಬೇಕು ಅಂತ ತಿಳಿಯದೆ ಕೂತಿರುತ್ತಾರೆ.

ಆ ವಾರವೇ ಇನ್ನೊಂದು ಸಂಗತಿ ನಡೆಯಿತು. ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾಪ ಹೊರಗೆ ಬಂತು. ಐಟಿ ನೌಕರರ ಸಂಘಟನೆ ಕೆಐಟಿಯು ಬೀದಿಗಿಳಿಯಿತು. ಇದು ನನ್ನಿಂದ ಬಂದದ್ದಲ್ಲ, ಐಟಿ ಉದ್ಯಮದ ಒತ್ತಡದಿಂದ ಬಂದದ್ದು ಅಂತ ಸಚಿವ ಲಾಡ್ ಹೇಳಿದರು. ಕಂಪನಿಗಳ ಮುಖ್ಯಸ್ಥರು ಮುಂದೆ ಬಂದು ಮಾತಾಡುತ್ತಿಲ್ಲ, ಅವರೂ ಚರ್ಚೆ ಮಾಡಲಿ ಅಂತಲೂ ಅಂದರು. ನಾವು 14 ಗಂಟೆ ಕೇಳಿಲ್ಲ, ವಾರಕ್ಕೆ 48 ಗಂಟೆಯ ನಿಯಮವನ್ನೇ ಒಪ್ಪುತ್ತೇವೆ ಅಂತ ನಾಸ್ಕಾಂ ಹೇಳಿಕೆ ಕೊಟ್ಟಿತು. ಅದು ಒಳ್ಳೆಯದೇ. ಆದರೆ ಕೆಲವೇ ದಿನಗಳ ಹಿಂದೆ ಮಸೂದೆಯ ವಿರುದ್ಧ ಅಷ್ಟು ಬೇಗ ಎದ್ದು ನಿಂತ ದನಿಗಳು ಈ ವಿಷಯಕ್ಕೆ ಅಷ್ಟೇ ಜೋರಾಗಿ ಏಳಲಿಲ್ಲ. ಅದಕ್ಕೂ ಒಂದು ತಿಂಗಳು ಮುಂಚೆ, ಜೂನ್‌ನಲ್ಲಿ, ನೌಕರಿಯ ಷರತ್ತುಗಳನ್ನು ಕಂಪನಿ ಬರೆದು ತಿಳಿಸಬೇಕು ಅನ್ನುವ ಕಾರ್ಮಿಕರ ಸ್ಥಾಯಿ ಆದೇಶಗಳ ಕಾಯಿದೆಯಿಂದ ಐಟಿ ಕಂಪನಿಗಳಿಗೆ ಇದ್ದ ವಿನಾಯಿತಿಯನ್ನು ಸರ್ಕಾರ ಮತ್ತೆ ಐದು ವರ್ಷಕ್ಕೆ ಮುಂದುವರಿಸಿತ್ತು. ಆಗಲೂ ಎಕ್ಸ್‌ನಲ್ಲಿ ಗದ್ದಲ ಇರಲಿಲ್ಲ. ಕಾನೂನು ಪರವಾಗಿದ್ದಾಗ ಮಾತು ಕಚೇರಿಯೊಳಗೆ, ವಿರುದ್ಧವಾಗಿದ್ದಾಗ ಮಾತು ಬೀದಿಯಲ್ಲಿ. ಜನ ಇದನ್ನು ಗಮನಿಸುತ್ತಾರೆ.

ಹಾಗಂತ ಎಲ್ಲರೂ ಸುಮ್ನೆ ಇರಬೇಕು ಅಂತ ನಾನು ಹೇಳುತ್ತಿಲ್ಲ. ಮಾತಾಡುವ ಉದ್ಯಮಿ ಸಮಾಜಕ್ಕೆ ಬೇಕು. ಕಿರಣ್ ಮಜುಂದಾರ್ ಶಾ ಅವರ ವಿಷಯದಲ್ಲಿ ನನಗೆ ಗೌರವ ಮೂಡುವುದು ಇದಕ್ಕೇ. 2022ರ ಮಾರ್ಚ್ ಕೊನೆಯಲ್ಲಿ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಕೊಡಬಾರದು ಅನ್ನುವ ಅಭಿಯಾನ ಕಾಪುವಿನಿಂದ ಶಿವಮೊಗ್ಗದವರೆಗೆ ನಡೆದಿತ್ತು. ಆಗ ಅವರು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರನ್ನು ಹೆಸರಿಸಿ, ಬೆಳೆಯುತ್ತಿರುವ ಈ ಧಾರ್ಮಿಕ ಒಡಕನ್ನು ಬಗೆಹರಿಸಿ ಅಂತ ಬರೆದರು. ಐಟಿ-ಬಿಟಿ ಕೋಮುವಾದಕ್ಕೆ ಬಿದ್ದರೆ ನಮ್ಮ ಜಾಗತಿಕ ಸ್ಥಾನವೇ ಹೋಗುತ್ತದೆ ಅಂದರು. ಇದು ರಾಜಕೀಯ ಬಣ್ಣದ ಮಾತು ಅಂತ ಬಿಜೆಪಿಯ ಅಮಿತ್ ಮಾಳವೀಯ ಅವರು ತಿರುಗೇಟು ಕೊಟ್ಟರು. ಬಹಿರಂಗವಾಗಿ ಹೇಳುವ ಮೊದಲು ಸಂಯಮ ಇರಲಿ, ಮಾತುಕತೆಯಲ್ಲಿ ಬಗೆಹರಿಯುತ್ತದೆ ಅನ್ನುವುದು ಬೊಮ್ಮಾಯಿ ಅವರ ಧಾಟಿ. ನಮ್ಮ ಮುಖ್ಯಮಂತ್ರಿ ಪ್ರಗತಿಪರರು, ಬಗೆಹರಿಸುತ್ತಾರೆ ಅನ್ನುವ ನಂಬಿಕೆ ಇದೆ ಅಂತ ಶಾ ಅವರೂ ದನಿ ತಗ್ಗಿಸಿದರು. ಬೇರೆ ದೊಡ್ಡ ಉದ್ಯಮಿಗಳು ಸಾಲಾಗಿ ಬಂದು ಅವರ ಪಕ್ಕ ನಿಲ್ಲಲಿಲ್ಲ.

2025ರ ಅಕ್ಟೋಬರ್‌ನಲ್ಲಿ, ಕಾಂಗ್ರೆಸ್ ಸರ್ಕಾರ ಇರುವಾಗ, ಅವರೇ ಮತ್ತೆ ಬರೆದರು. ಬಯೋಕಾನ್ ಪಾರ್ಕಿಗೆ ಬಂದಿದ್ದ ವಿದೇಶಿ ಅತಿಥಿಯೊಬ್ಬರು ರಸ್ತೆ ಯಾಕೆ ಇಷ್ಟು ಕೆಟ್ಟಿದೆ, ಇಷ್ಟೊಂದು ಕಸ ಯಾಕೆ ಅಂತ ಕೇಳಿದ್ದನ್ನು ಹಾಗೇ ಹಾಕಿದರು. ಬಿಜೆಪಿ ಇದ್ದಾಗ ಯಾಕೆ ಮಾತಾಡಲಿಲ್ಲ, ಇದರ ಹಿಂದೆ ಸ್ವಂತ ಅಜೆಂಡಾ ಇದೆ ಅನ್ನುವ ಮಾತು ಈ ಸಲ ಆಡಳಿತ ಪಕ್ಷದ ಕಡೆಯಿಂದ ಬಂತು. ಬಿಜೆಪಿ, ಜೆಡಿಎಸ್ ಕಾಲದಲ್ಲೂ ಟೀಕಿಸಿದ್ದೇವೆ ಅಂತ ಅವರು ಉತ್ತರಿಸಿದರು. 2022ರ ಪೋಸ್ಟ್ ಇದ್ದದ್ದರಿಂದ, ಅವರು ಒಂದೇ ಪಕ್ಷವನ್ನು ಟೀಕಿಸುವವರು ಅನ್ನುವ ಆರೋಪ ನಿಲ್ಲಲಿಲ್ಲ. ಆ ತಿಂಗಳು ಮುಗಿಯುವ ಮೊದಲೇ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ಇಬ್ಬರನ್ನೂ ಭೇಟಿ ಮಾಡಿದರು. ರಸ್ತೆ ಅಭಿವೃದ್ಧಿಗೆ ಹಣ ಹಾಕಲು ಸಿದ್ಧ ಅಂತಲೂ ಹೇಳಿದರು. ಟೀಕೆ ಬಹಿರಂಗವಾಗಿಯೇ ಇರಲಿ, ಆದರೆ ಬಾಗಿಲು ಮುಚ್ಚಬಾರದು ಅನ್ನುವ ರೀತಿ ಇದು. ಇದರಲ್ಲಿ ಒಂದು ಕೊರತೆಯೂ ಇದೆ. ವಿದೇಶಿ ಅತಿಥಿ ಕೇಳಿದಾಗ ಮಾತ್ರ ಕಸ ದೊಡ್ಡ ವಿಷಯ ಆಗುತ್ತದೆಯೇ? ಹೆಬ್ಬಗೋಡಿ, ಬೊಮ್ಮಸಂದ್ರದ ನಿವಾಸಿಗಳು ಆ ಕಸದ ನಡುವೆ ದಿನಾ ಓಡಾಡುತ್ತಾರೆ. ಅವರ ಹೆಸರಿನಲ್ಲಿ ಕೇಳಿದ್ದರೆ ಮಾತಿಗೆ ಇನ್ನೂ ತೂಕ ಬರುತ್ತಿತ್ತು.

ರಾಜಕೀಯದವರ ಜೊತೆ ವ್ಯವಹರಿಸುವ ಬಗೆಗೆ ಈಚಿನ ಒಳ್ಳೆಯ ಉದಾಹರಣೆ ಅಂದರೆ ಅಜೀಂ ಪ್ರೇಮ್‌ಜಿ ಅವರ ಪತ್ರ. 2025ರ ಸೆಪ್ಟೆಂಬರ್ 19ರಂದು ಮುಖ್ಯಮಂತ್ರಿ ಅವರು ಪ್ರೇಮ್‌ಜಿ ಅವರಿಗೆ ಪತ್ರ ಬರೆದಿದ್ದರು. ವಿಪ್ರೊದ ಸರ್ಜಾಪುರ ಕ್ಯಾಂಪಸ್ಸಿನೊಳಗೆ ಸೀಮಿತವಾಗಿ ವಾಹನ ಬಿಟ್ಟರೆ ಇಬ್ಬಲೂರು ಜಂಕ್ಷನ್ ಸುತ್ತ ದಟ್ಟಣೆ ಸುಮಾರು ಶೇ 30 ಇಳಿಯಬಹುದು ಅನ್ನುವ ಅಂದಾಜು ಅದರಲ್ಲಿತ್ತು. ಇಕ್ಕಟ್ಟಿನ ಕೋರಿಕೆ. ಇಲ್ಲ ಅಂದರೆ ಟ್ರಾಫಿಕ್‌ನಲ್ಲಿ ನರಳುವ ಜನರ ಎದುರು ಕಂಪನಿ ಸ್ವಾರ್ಥಿ ಅನ್ನಿಸಿಕೊಳ್ಳುತ್ತದೆ. ಹೌದು ಅಂದರೆ ಗ್ರಾಹಕರೊಂದಿಗಿನ ಒಪ್ಪಂದ ಮುರಿಯುತ್ತದೆ. ಪ್ರೇಮ್‌ಜಿ ಅವರು ಒಂದು ವಾರದೊಳಗೆ ಉತ್ತರ ಕೊಟ್ಟರು. ಎಕ್ಸ್‌ನಲ್ಲಿ ಅಲ್ಲ, ಪತ್ರಕ್ಕೆ ಪತ್ರ. ಸರ್ಕಾರದ ಕಾಳಜಿಗೆ ಮೊದಲು ಧನ್ಯವಾದ ಹೇಳಿದರು. ಸಮಸ್ಯೆಗೆ ಅನೇಕ ಕಾರಣಗಳಿವೆ, ಒಂದೇ ಮದ್ದು ಇಲ್ಲ ಅಂದರು. ಕ್ಯಾಂಪಸ್ ಒಂದು ಷೇರುಪೇಟೆ ಕಂಪನಿಯ ಖಾಸಗಿ ಆಸ್ತಿ, ವಿಶೇಷ ಆರ್ಥಿಕ ವಲಯ, ಜಾಗತಿಕ ಗ್ರಾಹಕರ ಜೊತೆಗಿನ ಒಪ್ಪಂದದಲ್ಲಿ ಪ್ರವೇಶ ನಿಯಂತ್ರಣ ಕಡ್ಡಾಯ ಅಂತ ಕಾರಣ ಕೊಟ್ಟು ಆಗುವುದಿಲ್ಲ ಅಂದರು. ಜೊತೆಗೆ ನಗರ ಸಾರಿಗೆಯಲ್ಲಿ ಪರಿಣತಿ ಇರುವ ಸಂಸ್ಥೆಯಿಂದ ವೈಜ್ಞಾನಿಕ ಅಧ್ಯಯನ ಮಾಡಿಸೋಣ, ಅದರ ಖರ್ಚಿನ ದೊಡ್ಡ ಪಾಲನ್ನು ವಿಪ್ರೊ ಹೊರುತ್ತದೆ ಅಂತ ಸೇರಿಸಿದರು.

ಇಲ್ಲಿ ಕೊಟ್ಟ ಕಾರಣಗಳು ಯಾರೂ ಪರೀಕ್ಷಿಸಬಹುದಾದವು. ನನಗೆ ಇಷ್ಟವಿಲ್ಲ ಅಂತ ಇಲ್ಲ. ಬೇರೆ ರಾಜ್ಯದ ಹೆಸರಿಲ್ಲ, ಎಷ್ಟು ಜನಕ್ಕೆ ಕೆಲಸ ಕೊಟ್ಟಿದ್ದೇವೆ ಗೊತ್ತಾ ಅನ್ನುವ ದನಿಯಿಲ್ಲ. ಪತ್ರ ಬಹಿರಂಗವಾದಾಗಲೂ ಅದರಲ್ಲಿ ಹಿಡಿದು ಎಳೆಯಲು ಒಂದು ಸಾಲು ಸಿಗಲಿಲ್ಲ. ಅಧ್ಯಯನದಿಂದ ನಾಳೆ ಬೆಳಗ್ಗೆ ರಸ್ತೆ ಖಾಲಿ ಆಗುವುದಿಲ್ಲ ಅನ್ನುವುದೂ ನಿಜ. ಇಬ್ಬಲೂರಿನಲ್ಲಿ ಬಸ್ಸಿಗೆ ಕಾಯುವವರಿಗೆ ಆ ಪತ್ರದಿಂದ ಏನೂ ಸಿಗಲಿಲ್ಲ ಅನ್ನುವ ಟೀಕೆಯನ್ನು ನಾನು ತಳ್ಳಿಹಾಕಲಾರೆ. ಆದರೆ ಒಂದು ಇಲ್ಲ ಎನ್ನುವ ಉತ್ತರ ಜಗಳವಾಗದೆ ಮುಗಿಯಿತು.

ಮೌನವೂ ಒಂದು ಉತ್ತರವೇ. 2021ರ ಜೂನ್‌ನಲ್ಲಿ ಶುರುವಾದ ಆದಾಯ ತೆರಿಗೆ ಪೋರ್ಟಲ್ ತಿಂಗಳುಗಟ್ಟಲೆ ತೊಂದರೆ ಕೊಟ್ಟಿತು. ಅದನ್ನು ಕಟ್ಟಿದ್ದು ಇನ್ಫೊಸಿಸ್. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಆಗಸ್ಟ್ 23ರಂದು ಸಿಇಒ ಸಲೀಲ್ ಪಾರೇಖ್ ಅವರನ್ನು ಕರೆಸಿ ಸೆಪ್ಟೆಂಬರ್ 15ರ ಗಡುವು ಕೊಟ್ಟರು. ಇದರ ನಡುವೆ ಆರ್‌ಎಸ್‌ಎಸ್ ಜೊತೆ ನಂಟಿರುವ ಪಾಂಚಜನ್ಯ ಪತ್ರಿಕೆಯ ಮುಖಪುಟ ಲೇಖನ ಕಂಪನಿಯ ದೇಶನಿಷ್ಠೆಯನ್ನೇ ಪ್ರಶ್ನಿಸಿತು. ಇನ್ಫೊಸಿಸ್ ಜಗಳಕ್ಕೆ ಇಳಿಯಲಿಲ್ಲ. ಕೆಲವೇ ದಿನಗಳಲ್ಲಿ ಆರ್‌ಎಸ್‌ಎಸ್‌ನ ಸುನಿಲ್ ಆಂಬೇಕರ್ ಅವರೇ ಆ ಲೇಖನದಿಂದ ದೂರ ಸರಿದು, ದೇಶದ ಪ್ರಗತಿಯಲ್ಲಿ ಇನ್ಫೊಸಿಸ್‌ನ ಪಾಲು ದೊಡ್ಡದು ಅಂದರು. ಪೋರ್ಟಲ್ ಕೆಟ್ಟಿದ್ದಾಗ ದೇಶಭಕ್ತಿಯ ಚರ್ಚೆಗೆ ಹೋಗಿದ್ದರೆ ಕೆಲಸದ ತಪ್ಪೂ ರಾಜಕೀಯದ ಆರೋಪವೂ ಒಂದೇ ಗಂಟಾಗುತ್ತಿತ್ತು. ಅಲ್ಲಿ ಮೌನ ಸರಿಯಾಗಿತ್ತು.

ಅಮೆರಿಕದ ಡಿಸ್ನಿಗೆ ಮೌನ ಕೆಲಸ ಮಾಡಲಿಲ್ಲ. 2022ರಲ್ಲಿ ಫ್ಲಾರಿಡಾ ರಾಜ್ಯ, ಸಣ್ಣ ತರಗತಿಗಳಲ್ಲಿ ಲೈಂಗಿಕತೆ ಮತ್ತು ಲಿಂಗ ಗುರುತಿನ ಪಾಠಕ್ಕೆ ತಡೆ ಹಾಕುವ ಮಸೂದೆ ತಂದಾಗ ಸಿಇಒ ಬಾಬ್ ಚಾಪೆಕ್ ಮೊದಲು ಬಹಿರಂಗ ಹೇಳಿಕೆ ಬೇಡ ಅಂದರು. ನೌಕರರು ಸಿಟ್ಟಿಗೆದ್ದರು. ಆಮೇಲೆ ಕ್ಷಮೆ ಕೇಳಿ ವಿರೋಧಿಸಿದರು. ಅಷ್ಟರಲ್ಲಿ ಗವರ್ನರ್ ಡಿಸಾಂಟಿಸ್ ಅವರ ಸಿಟ್ಟೂ ಸೇರಿ, ಡಿಸ್ನಿಗಿದ್ದ ವಿಶೇಷ ಆಡಳಿತ ವಲಯದ ಸವಲತ್ತಿಗೇ ಕುತ್ತು ಬಂತು. ಇನ್ಫೊಸಿಸ್‌ಗೆ ಮೌನ ಒಗ್ಗಿತು, ಡಿಸ್ನಿಗೆ ಒಗ್ಗಲಿಲ್ಲ. ಡಿಸ್ನಿಯಲ್ಲಿ ವಿವಾದ ಇದ್ದದ್ದು ಅಲ್ಲಿ ಕೆಲಸ ಮಾಡುವವರ ಬದುಕಿನ ಬಗ್ಗೆಯೇ. ಅವರು ತಮ್ಮ ಮುಖ್ಯಸ್ಥನ ಬಾಯಿಂದ ಒಂದು ಮಾತು ಕಾಯುತ್ತಿದ್ದರು. ಉದ್ಯೋಗ ಮಸೂದೆಯೂ ಅಂಥದ್ದೇ. ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವ ಹೊರಗಿನವರಿಗೂ ಕನ್ನಡಿಗರಿಗೂ ಅದು ತಮ್ಮ ವಿಷಯ. ಅಲ್ಲಿ ಸುಮ್ಮನಿದ್ದರೂ ತಪ್ಪಾಗುತ್ತದೆ, ಅರ್ಧ ಜನರಿಗಾಗಿ ಮಾತ್ರ ಮಾತಾಡಿದರೂ ತಪ್ಪಾಗುತ್ತದೆ.

ಭಯದ ಮಾತನ್ನೂ ಬಿಡುವಂತಿಲ್ಲ. 2019ರ ನವೆಂಬರ್ 30ರಂದು ಮುಂಬೈನ ಸಮಾರಂಭದಲ್ಲಿ ರಾಹುಲ್ ಬಜಾಜ್ ಅವರು ವೇದಿಕೆ ಮೇಲಿದ್ದ ಅಮಿತ್ ಶಾ ಅವರಿಗೇ ನೇರವಾಗಿ ಹೇಳಿದರು. ಯುಪಿಎ ಕಾಲದಲ್ಲಿ ಯಾರನ್ನು ಬೇಕಾದರೂ ಬೈಯಬಹುದಿತ್ತು, ಈಗ ಬಹಿರಂಗವಾಗಿ ಟೀಕಿಸಿದರೆ ನೀವು ಒಪ್ಪುತ್ತೀರಿ ಅನ್ನುವ ನಂಬಿಕೆ ನಮಗಿಲ್ಲ ಅಂತ. ಭಯಪಡುವ ಅಗತ್ಯ ಇಲ್ಲ ಅಂತ ಶಾ ಉತ್ತರಿಸಿದರು. ಜಮೀನು, ವಿದ್ಯುತ್, ತೆರಿಗೆ, ಗುತ್ತಿಗೆ ಎಲ್ಲವೂ ಸರ್ಕಾರದ ಕೈಯಲ್ಲಿರುವಾಗ ಎಚ್ಚರ ಸಹಜ. ಆದರೆ ಆ ಎಚ್ಚರ ಎಲ್ಲ ಕಡೆ ಒಂದೇ ಅಳತೆಯಲ್ಲಿಲ್ಲ. ರಾಜ್ಯ ಸರ್ಕಾರವನ್ನು ಟ್ಯಾಗ್ ಮಾಡಿ ರಸ್ತೆ, ಭಾಷೆ, ಮೀಸಲಾತಿ ಬಗ್ಗೆ ಖಾರವಾಗಿ ಬರೆಯುವವರಲ್ಲಿ ಬಹಳ ಜನ ದೆಹಲಿಯ ವಿಷಯ ಬಂದಾಗ ಮೆತ್ತಗಾಗುತ್ತಾರೆ. ಕನ್ನಡಿಗರಿಗೆ ಇದು ಕಾಣುತ್ತದೆ. ನಮ್ಮ ಸರ್ಕಾರ, ನಮ್ಮ ಭಾಷೆ ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಅನ್ನಬಹುದು ಅನ್ನುವ ಸಿಟ್ಟು ಅಲ್ಲಿಂದಲೂ ಬರುತ್ತದೆ.

ಮಸೂದೆಯನ್ನು ತಡೆಹಿಡಿದಾಗ ಸರ್ಕಾರ ಅದನ್ನು ಕೈಬಿಟ್ಟೆವು ಅನ್ನಲಿಲ್ಲ, ಮುಂದೆ ಚರ್ಚಿಸುತ್ತೇವೆ ಅಂದಿತು. ಈ ರೂಪದಲ್ಲೋ ಬೇರೆ ರೂಪದಲ್ಲೋ ಅದು ಮತ್ತೆ ಬರುತ್ತದೆ. ಅದಕ್ಕೆ ಕಾಯದೆ ಕಂಪನಿಗಳು ಈಗಲೇ ಪ್ರಕಟಿಸಬಹುದಾದ ಒಂದು ಪುಟ ಇದೆ. ಕರ್ನಾಟಕದ ಶಾಲಾ ಕಾಲೇಜುಗಳಲ್ಲಿ ಓದಿದ ನೌಕರರು ಎಷ್ಟು, ಯಾವ ದರ್ಜೆಯಲ್ಲಿ ಎಷ್ಟು. ಕಳೆದ ವರ್ಷ ಕ್ಯಾಂಪಸ್ ಆಯ್ಕೆಗೆ ರಾಜ್ಯದ ಯಾವ ಜಿಲ್ಲೆಗಳಿಗೆ ಹೋಗಿದ್ದರು, ಯಾವುದಕ್ಕೆ ಹೋಗಲಿಲ್ಲ. ಭದ್ರತೆ, ಹೌಸ್‌ಕೀಪಿಂಗ್, ಕ್ಯಾಂಟೀನ್ ಗುತ್ತಿಗೆಯಲ್ಲಿ ಯಾರಿದ್ದಾರೆ. ಹೊರಗಿನಿಂದ ಬಂದ ನೌಕರರಲ್ಲಿ ಎಷ್ಟು ಮಂದಿಗೆ ಕಂಪನಿ ಕನ್ನಡ ಕಲಿಸಿದೆ. ಅದನ್ನು ಕನ್ನಡದಲ್ಲೂ ಪ್ರಕಟಿಸಲಿ, ಪ್ರತಿ ವರ್ಷ ಪ್ರಕಟಿಸಲಿ. ಯಾವ ಕಂಪನಿ ಮೊದಲು ಮಾಡುತ್ತದೋ ಅದರ ಮುಖ್ಯಸ್ಥರು ಮುಂದಿನ ಮಸೂದೆಯ ದಿನ ವಿನಾಯಿತಿ ಕೇಳಿದರೆ, ಆ ಕೋರಿಕೆಯ ಜೊತೆ ಇಡಲು ಅವರ ಕೈಯಲ್ಲಿ ಒಂದು ಲೆಕ್ಕ ಇರುತ್ತದೆ.